ಮೊಳೆಗೆ ಕಟ್ಟಿದ ಚೀಲ

ಶ್ರಾವಣದ ಎರಡನೇ ಸೋಮವಾರ. ಹೊಸಬಾಳೆಯಿಂದ ಮೊದಲ ಬಸ್ಸು ಹಿಡಿದು, ಸೊರಬದಲ್ಲೊಮ್ಮೆ, ಶಿರಾಳಕೊಪ್ಪದಲ್ಲೊಮ್ಮೆ ಬಸ್ಸು ಬದಲಿಸಿ ಶಿಕಾರಿಪುರಕ್ಕೆ ಬಂದಿಳಿದ ಗಂಗಾಶ್ರೀ ತವರುಮನೆಯ ಪಡಸಾಲೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಆ ಚೀಲ. ಗೋಡೆಯ ಕ್ಯಾಲೆಂಡರ್ ತೆಗೆದು ಅದೇ ಮೊಳೆಗೆ ಚೀಲವನ್ನು ನೇತುಹಾಕಿದ್ದರು. ಅದರಿಂದ ಇಳಿದ ಸಣ್ಣ ಕೊಳವೆ, ಕೆಳಗೆ ಮಣೆಯ ಮೇಲೆ ಕೂತು ಲಿಂಗಪೂಜೆ ಮಾಡುತ್ತಿದ್ದ ಅವ್ವ ರಾಜೇಶ್ವರಮ್ಮನ ಸೆರಗಿನೊಳಗೆ ಹೋಗಿತ್ತು. ಚೀಲ ಅವ್ವನ ತಲೆಗಿಂತ ಮೊಳದಷ್ಟು ಮೇಲಿತ್ತು. ಒಳಗೆ ಏನೂ ಇರಲಿಲ್ಲ.

"ಅತ್ತಿಗೇ!"

ಅಣ್ಣನ ಹೆಂಡತಿ ಶಾಂತವೀರಮ್ಮ ಅಡುಗೆಮನೆಯಿಂದ ಬಂದಳು. ಬೆರಳಿಗೆ ಹೂರಣ ಅಂಟಿತ್ತು. "ಬಂದ್ಯಾ ಗಂಗಾ? ಕಾಲಿಗೆ ನೀರು ಕೊಡ್ತೀನಿ ತಡಿ."

"ಕಾಲಿಗೆ ನೀರು ಆಮೇಲೆ. ಈ ಚೀಲ ಮೇಲಕ್ಕೆ ಕಟ್ಟಿದ್ದು ಯಾರು?"

ಅತ್ತಿಗೆ ಗೋಡೆಯನ್ನು ನೋಡಿದಳು, ಅತ್ತೆಯ ಬೆನ್ನನ್ನು ನೋಡಿದಳು.

"ಹೋಗೋವಾಗ ನಾನು ಏನು ಹೇಳಿ ಹೋಗಿದ್ದೆ? ನಿಮಗೆ ಹೇಳಿದ್ನಾ, ಈ ಗೋಡೆಗೆ ಹೇಳಿದ್ನಾ?"

ಗಂಗಾಶ್ರೀ ಹೇಳಿ ಹೋದದ್ದು ನಿಜ. ಯುಗಾದಿ ಕಳೆದ ಮೇಲೆ ಅವ್ವನಿಗೆ ಹೃದಯಾಘಾತವಾಗಿತ್ತು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಆಷಾಢದ ಕೊನೆಗೆ ಬಲ ಪಕ್ಕೆಯ ಕೆಳಗೆ ನೋವು, ವಾಂತಿ, ಜ್ವರ ಶುರುವಾಯಿತು. ಮನೆಯವರೆಲ್ಲ ಸೇರಿ ಪಿತ್ತ ಏರಿದೆ ಎಂದು ನಿಂಬೆಹಣ್ಣಿನ ಪಾನಕ, ಶುಂಠಿ ಕಷಾಯ ಕುಡಿಸಿದರು. ಕಣ್ಣು ಗುಳಿ ಬಿದ್ದ ಮೇಲೆ ದಾವಣಗೆರೆಗೆ ಕರೆದೊಯ್ದರು. ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಕಲ್ಲು ಸಿಕ್ಕಿಕೊಂಡು ಊದಿದ ಪಿತ್ತಕೋಶ, ಒಳಗೆ ಕೀವು. ಬೇರೆಯವರಾಗಿದ್ದರೆ ಹೊಟ್ಟೆ ಕೊಯ್ದು ಪಿತ್ತಕೋಶವನ್ನೇ ತೆಗೆಯುತ್ತಿದ್ದರು. ಈ ಹೃದಯಕ್ಕೆ ಪೂರ್ತಿ ಅರಿವಳಿಕೆ ಕೊಟ್ಟರೆ ಎಚ್ಚರವಾಗುವ ಭರವಸೆ ಇಲ್ಲ ಎಂದು ಹೃದಯದ ಡಾಕ್ಟರು ಕೈಚೆಲ್ಲಿಬಿಟ್ಟರು. ಆಗ ಸರ್ಜನ್ ಬೇರೆ ದಾರಿ ಹಿಡಿದರು. ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿ, ಸ್ಕ್ಯಾನಿಂಗ್ ಪರದೆ ನೋಡುತ್ತ, ಪಕ್ಕೆಲುಬುಗಳ ನಡುವಿನಿಂದ ಪಿತ್ತಕೋಶಕ್ಕೆ ಸೂಜಿ ಇಳಿಸಿ, ಅದೇ ದಾರಿಯಲ್ಲಿ ತೆಳುವಾದ ಕೊಳವೆ ಬಿಟ್ಟರು. ಅವ್ವನಿಗೆ ಪೂರ್ತಿ ಎಚ್ಚರವಿತ್ತು. ಕೊರಳಿನ ಲಿಂಗವನ್ನೂ ತೆಗೆಸಲಿಲ್ಲ, ಲಿಂಗವಿದ್ದ ಕರಡಿಗೆಯನ್ನು ಎಡಭುಜಕ್ಕೆ ಸರಿಸಿಕೊಂಡಿದ್ದಳು ಅಷ್ಟೇ. ಕಪ್ಪು ಹಸಿರಿನ ಕೀವು ಚೀಲಕ್ಕೆ ಇಳಿಯಿತು. ಮರುದಿನವೇ ಜ್ವರ ತಗ್ಗಿತು.

"ಇದರಿಂದ ಕಾಯಿಲೆ ವಾಸಿಯಾಗಲ್ಲಮ್ಮ, ಗಡುವು ಸಿಗುತ್ತೆ," ಎಂದಿದ್ದರು ಸರ್ಜನ್. "ಆರು ವಾರ ಹೋಗಲಿ. ಆಮೇಲೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು, ಹೃದಯ ನೋಡಿ, ಆಪರೇಷನ್ ಬೇಕೋ ಬೇಡವೋ ಹೇಳ್ತೀನಿ. ಅಲ್ಲಿವರೆಗೆ ಕೊಳವೆ ಹೊರಗೆ ಬರಕೂಡದು. ಅದರ ಸುತ್ತ ಮಾಂಸ ಕೂಡಿ ದಾರಿ ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು. ಅದಕ್ಕೆ ಮೊದಲು ಎಳೆದರೆ ಪಿತ್ತ ಹೊಟ್ಟೆಯೊಳಗೇ ಚೆಲ್ಲುತ್ತೆ, ಇವರು ತಡ್ಕೊಳ್ಳಲ್ಲ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಹನಿ ನಿಂತು ಜ್ವರ ಬಂದರೆ ಅದೇ ಗಳಿಗೆಗೆ ಇಲ್ಲಿಗೆ ಬರಬೇಕು."

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವ್ವನ ಮಂಚದ ಪಕ್ಕ ಚಾಪೆ ಹಾಸಿ ಮಲಗಿದ್ದವಳು ಗಂಗಾಶ್ರೀ. ಶಿಕಾರಿಪುರಕ್ಕೆ ಕರೆತಂದು, ಅತ್ತಿಗೆಗೆ ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿ, ಗದ್ದೆ ನಾಟಿ ಇದ್ದುದರಿಂದ ಹೊಸಬಾಳೆಗೆ ಹೋಗಿದ್ದಳು.

ಒಳಕೋಣೆಯಿಂದ ಅಣ್ಣ ಸಿದ್ಧಲಿಂಗೇಶ್ ಬಂದ. ಊರಿನಲ್ಲಿ ಭತ್ತ, ಜೋಳದ ಮಂಡಿ ನಡೆಸುವವನು. ಹಣೆಗೆ ವಿಭೂತಿ, ಮೈಗೆ ಇಸ್ತ್ರಿ ಮುರಿಯದ ಬಿಳಿ ಅಂಗಿ. ಮಗಳು ಸೌಂದರ್ಯಳನ್ನು ನೋಡಲು ಹಿರೇಕೆರೂರಿನಿಂದ ಗಂಡಿನ ಕಡೆಯವರು ಬರುವ ದಿನ ಅದು. ಗಂಗಾಶ್ರೀ ಬಂದದ್ದೂ ಅದಕ್ಕೇ.

"ಏನು ಬಂದ ಕೂಡ್ಲೇ ಗಲಾಟಿ? ಅಯ್ಯನೋರು ಕೂತಾರೆ ಅಲ್ಲಿ."

ಪಾದಪೂಜೆಗೆ ಬಂದಿದ್ದ ಮಠದ ಅಯ್ಯನವರು ಪಡಸಾಲೆಯ ಇನ್ನೊಂದು ತುದಿಯಲ್ಲಿ, ಶಾಲು ಹೊದಿಸಿದ ಕುರ್ಚಿಯ ಮೇಲೆ ಕೂತು ಸೂರು ನೋಡುತ್ತಿದ್ದರು.

"ಅಣ್ಣಾ, ಚೀಲ ಯಾಕೆ ಮೇಲೈತೆ?"

"ಮೇಲಿದ್ರೇನು ಕೆಳಗಿದ್ರೇನು, ವಾಸಿ ಆಗೈತಿ. ನೋಡಿಲ್ಲಿ, ಗುರುವಾರದಿಂದ ಒಂದು ಹನಿ ಬಿದ್ದಿಲ್ಲ. ಮೊದ್ಲು ಹೆಂಗೆ ತುಂಬತಿತ್ತು! ಒಳಗೆಲ್ಲ ಒಣಗೈತಿ."

"ಮೇಲಕ್ಕೆ ಕಟ್ಟಿದ್ದು ಯಾವತ್ತು?"

"ಗುರುವಾರನೇ ಇರ್ಬೇಕು."

ಗಂಗಾಶ್ರೀ ಒಂದು ಕ್ಷಣ ಅಣ್ಣನ ಮುಖವನ್ನೇ ನೋಡಿದಳು. ತೂಕದಲ್ಲಿ ಹಿಡಿಕಾಳು ವ್ಯತ್ಯಾಸವಾದರೂ ಕಂಡುಹಿಡಿಯುವ ಮನುಷ್ಯ.

"ಕೆರೆ ನೀರು ನಿನ್ನ ಗದ್ದೆಗೆ ಹೆಂಗೆ ಬರ್ತದಣ್ಣ? ತೂಬು ಎತ್ತಿದ್ರೆ ಕೆಳಗೆ ಹರಿದು ಬರ್ತದೋ, ಏರಿ ಹತ್ತಿ ಬರ್ತದೋ?"

"ಗ್ಲೂಕೋಸ್ ಬಾಟ್ಲಿ ಮೇಲೇ ಕಟ್ತಾರಲ್ಲೇ ಎಲ್ಲಾ ಆಸ್ಪತ್ರ್ಯಾಗೆ!"

"ಗ್ಲೂಕೋಸು ಒಳಗೆ ಹೋಗೋದು! ಇದು ಹೊರಗೆ ಬರೋದು! ಕೀವು ಬರೋ ದಾರಿಗೆ ಕಟ್ಟೆ ಕಟ್ಟಿ, ಬರ್ತಾ ಇಲ್ಲ, ವಾಸಿ ಆತು ಅಂತ ಕೂತೀರಲ್ಲ!"

"ಕೂಗಬ್ಯಾಡ. ಹೆಂಗೂ ಇವತ್ತು ಪೈಪು ತೆಗೆಸ್ತೀನಿ. ಆನಂದಪ್ಪಗೆ ಹೇಳಿ ಕಳಿಸೀನಿ."

ಆನಂದಪ್ಪ ಹಿಂದೆ ಯಾವುದೋ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದವನು. ಈಗ ಮನೆ ಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದ, ಹೊಲಿಗೆ ಬಿಚ್ಚುತ್ತಿದ್ದ. ಬೀಗರು ಬರುವುದರೊಳಗೆ ಅವನು ಬಂದು ಕೊಳವೆ ಎಳೆದು ಪಟ್ಟಿ ಹಾಕಿ ಹೋಗುವುದೆಂದು ನಿಶ್ಚಯವಾಗಿತ್ತು. ಹೊಟ್ಟೆಯಿಂದ ಪೈಪು ಇಳಿಬಿಟ್ಟುಕೊಂಡು ಕೂತ ಅಜ್ಜಿಯನ್ನು ಗಂಡಿನ ಕಡೆಯವರು ನೋಡಿದರೆ, ಮನೆತನದಲ್ಲಿ ಏನೋ ದೊಡ್ಡ ಕಾಯಿಲೆ ಇದೆ ಎಂದುಕೊಳ್ಳುವುದಿಲ್ಲವೇ ಎಂಬುದು ಸಿದ್ಧಲಿಂಗೇಶನ ಲೆಕ್ಕ.

ಗಂಗಾಶ್ರೀ ಹೋಗಿ ಅವ್ವನ ಪಕ್ಕ ಕುಕ್ಕರಿಸಿದಳು. ಅವ್ವನ ಎಡ ಅಂಗೈಯಲ್ಲಿ ಲಿಂಗವಿತ್ತು. ಪೂಜೆಯ ನಡುವೆ ಯಾರೂ ಮುಟ್ಟಬಾರದೆಂದು ಗೊತ್ತಿದ್ದೂ ಗಂಗಾಶ್ರೀ ಕೊರಳಿಗೆ ಕೈಯಿಟ್ಟಳು. ಕಾದ ಹಂಚಿನಂತಿತ್ತು. ಅವ್ವ ಕಣ್ಣು ತೆರೆದು ಸುಡುವಂತೆ ನೋಡಿದಳು.

"ಜ್ವರ ಯಾವಾಗಿಂದ?"

"ನಿನ್ನೆಯಿಂದ ಸ್ವಲ್ಪ ಬೆಚ್ಚಗೈತಿ," ಎಂದಳು ಅತ್ತಿಗೆ, ಕೇಳಿಸಿಯೂ ಕೇಳಿಸದ ದನಿಯಲ್ಲಿ.

ಗಂಗಾಶ್ರೀ ಚೀಲವನ್ನು ಮೊಳೆಯಿಂದ ಬಿಚ್ಚಿ ನೆಲಕ್ಕೆ ತಂದಳು. ಕಾದಳು. ಹನಿ ಬೀಳಲಿಲ್ಲ. ಕೊಳವೆ ಎಲ್ಲಾದರೂ ಮಡಚಿದೆಯೋ ಎಂದು ಪಟ್ಟಿಯವರೆಗೂ ಬೆರಳಾಡಿಸಿದಳು. ಮಡಚಿರಲಿಲ್ಲ. ಒಳಗೆಲ್ಲೋ ಗಸಿ ಕಟ್ಟಿಕೊಂಡಿತ್ತು. ಚೀಲವನ್ನು ಇನ್ನೂ ತಗ್ಗಿಸೋಣವೆಂದರೆ ನೆಲ ಅಡ್ಡ ಬಂತು.

ಹೊರಗೆ ಲೂನಾ ನಿಂತ ಸದ್ದಾಯಿತು. ಆನಂದಪ್ಪ ಚರ್ಮದ ಕೈಚೀಲ ಹಿಡಿದು, ಚಪ್ಪಲಿ ಬಿಟ್ಟು ಒಳಗೆ ಬಂದ. "ಎಲ್ಲೈತ್ರೀ ಅಮ್ಮಾರ ಪೈಪು? ಎರಡು ನಿಮಿಷದ ಕೆಲಸ."

ಗಂಗಾಶ್ರೀ ಅವನಿಗೂ ಅವ್ವನಿಗೂ ನಡುವೆ ನಿಂತಳು. "ಎರಡು ನಿಮಿಷದ ಕೆಲಸ ಹೌದು. ಆಮೇಲೆ ಮಣ್ಣು ಮಾಡೋ ಕೆಲಸ ಎಷ್ಟು ಹೊತ್ತಿನದು, ಅದನ್ನೂ ಹೇಳ್ರಿ."

"ಅಯ್ಯೋ, ಏನ್ರೀ ಅಕ್ಕಾರೆ ಹಿಂಗಂತೀರಿ ಬೆಳಬೆಳಿಗ್ಗೆ?"

"ಆ ಪೈಪಿನ ತುದಿ ಎಲ್ಲೈತೆ ಗೊತ್ತಾ ನಿಮಗೆ?"

"ಹೊಟ್ಟ್ಯಾಗೈತಿ."

"ಹೊಟ್ಟ್ಯಾಗೆ ಎಲ್ಲಿ?"

ಆನಂದಪ್ಪ ಸಿದ್ಧಲಿಂಗೇಶನ ಕಡೆ ನೋಡಿದ. ಅಲ್ಲಿಂದ ನೆರವು ಬಾರದಿದ್ದಾಗ ಬಗ್ಗಿ ರಾಜೇಶ್ವರಮ್ಮನ ಮಣಿಕಟ್ಟು ಹಿಡಿದ, ತಟ್ಟನೆ ಬಿಟ್ಟ. "ಏನ್ರೀ ಸಿದ್ಧಲಿಂಗಣ್ಣಾರೆ, ಜ್ವರ ಇಲ್ಲ ಅಂದಿದ್ರಿ. ಮೈ ಸುಡ್ತೈತಿ. ಜ್ವರ ಇದ್ದೋರಿಗೆ ನಾನು ಸೂಜಿ ಬೇಕಾದ್ರೆ ಹಾಕೇನು, ಏನನ್ನೂ ಎಳ್ಯಲ್ಲ. ನಾಳಿಂದ ಊರಾಗೆ ನಾನು ತಿರುಗಾಡ್ಬೇಕು." ಕೈಚೀಲ ತೆರೆಯದೆಯೇ ಹೊರಟ. ಲೂನಾ ಹತ್ತುವಾಗ ಚಪ್ಪಲಿ ಎಡ ಬಲ ಅದಲು ಬದಲಾಗಿತ್ತು.

ಗಂಗಾಶ್ರೀ ಮತ್ತೆ ಅತ್ತಿಗೆಯ ಮೇಲೆ ತಿರುಗಿದಳು. ಅತ್ತಿಗೆ ಮೌನವಾಗಿದ್ದಷ್ಟೂ ಇವಳ ಬಾಯಿ ಜೋರಾಯಿತು. ಹೋಳಿಗೆ ಮಾಡಲು ಬರುತ್ತದೆ, ಚೀಲ ಕೆಳಗಿಡಲು ಬರುವುದಿಲ್ಲವೇ ಎಂದಳು. ನಿಮ್ಮ ಹೆತ್ತವ್ವನಾಗಿದ್ದರೆ ಹೀಗೆ ಮಾಡುತ್ತಿದ್ದಿರಾ ಎಂದಳು. ಶಾಂತವೀರಮ್ಮನ ಕಣ್ಣಲ್ಲಿ ನೀರು ತುಂಬಿತು.

"ಸಾಕು!"

ಕೂಗಿದವಳು ರಾಜೇಶ್ವರಮ್ಮ. ಲಿಂಗವನ್ನು ಕರಡಿಗೆಯೊಳಗಿಟ್ಟು, ಶಿವದಾರವನ್ನು ಬಿಗಿದುಕೊಳ್ಳುತ್ತಿದ್ದಳು. "ಅವಳ ಮ್ಯಾಲೆ ಯಾಕೆ ಹಾರಾಡ್ತಿ? ಕಟ್ಟಿಸಿದೋಳು ನಾನು."

"ನೀನಾ?"

"ಹೂಂ, ನಾನು. ಸೊಂಟದಿಂದ ಕೆಳಗಿಡ್ರಿ ಅಂದ ನಿನ್ನ ಡಾಕ್ಟ್ರು. ಅಲ್ಲಿ ಮಂಚ ಇತ್ತು, ಕೆಳಗೆ ಇಳಿಬಿಟ್ಟೆ. ಇಲ್ಲಿ ನಾನು ಕೂರೋದು ಎಲ್ಲಿ? ಊಟಕ್ಕೆ ಮಣಿ, ಪೂಜಿಗೆ ಮಣಿ, ಹೂ ಕಟ್ಟಾಕೆ ನೆಲ, ಮಲಗಾಕೆ ಚಾಪಿ. ನೆಲದ ಮ್ಯಾಲೆ ಕೂತೋಳಿಗೆ ಸೊಂಟದ ಕೆಳಗೆ ಎಲ್ಲೈತೆ ಜಾಗ? ನೆಲ ಅಗಿದು ಹೂಳಬೇಕೇನು ಚೀಲನ? ಪಕ್ಕಕ್ಕಿಟ್ರೆ ಪತ್ರೆ ತಟ್ಟಿಗೆ, ವಿಭೂತಿಗೆ ಒತ್ತಿ ಕೂರ್ತೈತಿ, ಹಸುರು ಹಸುರು ಹೊಲಸು. ಗುರುವಾರ ಅಯ್ಯನೋರು ಬರೋರಿದ್ರು. ಮ್ಯಾಲಕ್ಕೆ ಕಟ್ಟೇ ಅಂದೆ. ಕಟ್ಟಿದ್ಲು. ಅಷ್ಟೇ."

"ಪೂಜೆ ಮುಗಿದ ಮ್ಯಾಲೆ ಇಳಿಸೋಳೇ ಇದ್ದೆ ಗಂಗಾ," ಎಂದಳು ಅತ್ತಿಗೆ, ಕಣ್ಣೊರೆಸಿಕೊಂಡು. "ಹನಿ ನಿಂತಿತ್ತು. ವಾಸಿ ಆತು ಅಂದ್ರು ಇವರು. ಹಂಗೇ ಬಿಟ್ವಿ."

ಗಂಗಾಶ್ರೀಗೆ ಸಿಟ್ಟು ಇಳಿಯಲಿಲ್ಲ, ಇಳಿಸಲು ಜಾಗ ಸಿಗಲಿಲ್ಲ. "ಅವ್ವಾ, ಲಿಂಗ ಕಟ್ಕೊಂಡ ಮೈಗೆ ಮೈಲಿಗೆ ಇಲ್ಲ ಅಂತ ನನಗೆ ಹೇಳಿಕೊಟ್ಟೋಳು ನೀನು. ನಾನು ಮುಟ್ಟಾದಾಗ್ಲೂ ಕೈಹಿಡಿದು ಪೂಜೆಗೆ ಕೂರಿಸ್ತಿದ್ದೆ. ಓಣಿಯೋರೆಲ್ಲ ಆಡಿಕೊಂಡ್ರೂ ಬಿಡ್ಲಿಲ್ಲ. ಈಗ ಕೀವಿಗೆ ಮಾತ್ರ ಮೈಲಿಗೆ ಬಂತಾ? ನಿನ್ನ ಮೈಯಿಂದಲೇ ಬಂದಿದ್ದಲ್ವಾ ಅದು?" ಮಾತು ಮುಗಿಯುವ ಮೊದಲೇ ಅಯ್ಯನವರತ್ತ ತಿರುಗಿದಳು. "ನೀವಾದ್ರೂ ಹೇಳ್ಬಾರ್ದಿತ್ತೇನು ಬುದ್ಧಿ? ಗುರುವಾರ ಬಂದಿದ್ರಲ್ಲ, ಇದೇ ಕುರ್ಚಿ ಮೇಲೆ ಕೂತಿದ್ರಲ್ಲ!"

ಅಯ್ಯನವರು ಶಾಲು ಸರಿಪಡಿಸಿಕೊಂಡರು. "ನೀನು ಹೇಳೋದು ಖರೆ ತಾಯಿ, ಮೈಲಿಗಿ ಇಲ್ಲ. ನಾನು ಅದನ್ನ ಗ್ಲೂಕೋಸ್ ಅಂದ್ಕೊಂಡಿದ್ದೆ."

ಒಳಬಾಗಿಲಲ್ಲಿ ನಿಂತಿದ್ದ ಸೌಂದರ್ಯ ಕಿಸಕ್ಕನೆ ನಕ್ಕು, ಅಪ್ಪನ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಸಿದ್ಧಳಾಗಿದ್ದಳು.

ಅಷ್ಟರಲ್ಲಿ ಅವ್ವನ ಮೈಗೆ ಚಳಿ ಹತ್ತಿತು. ಹಲ್ಲು ಕಟಕಟ ಎಂದವು. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ.

"ಕಾರು ಕರೆಸು," ಎಂದಳು ಗಂಗಾಶ್ರೀ.

"ಕಾರು ಬೀಗರನ್ನ ಕರ್ಕೊಂಡು ಬರಾಕೆ ಹೋಗೈತಿ."

"ಬೇರೆ ಕಾರು."

ಸೌಂದರ್ಯ ಪಕ್ಕದ ಮನೆಗೆ ಓಡಿ ಫೋನು ಮಾಡಿ ಬಂದಳು. ಶ್ರಾವಣದ ಮದುವೆಗಳಿಗೆ ಊರಿನ ಬಾಡಿಗೆ ಕಾರುಗಳೆಲ್ಲ ಹೋಗಿದ್ದವು. ಇಲ್ಲೇ ಯಾರಿಗಾದರೂ ತೋರಿಸೋಣ ಎಂದ ಸಿದ್ಧಲಿಂಗೇಶ್. ಕೊಳವೆ ಹಾಕಿದವರೇ ಅದನ್ನು ಮುಟ್ಟಬೇಕು ಎಂದಳು ಗಂಗಾಶ್ರೀ. ಬೀಗರು ಊಟ ಮಾಡಿ ಹೋಗುವವರೆಗೆ ತಡೆದುಕೊಂಡರೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವನು ದನಿ ತಗ್ಗಿಸಿ ಹೇಳಿದ. ಗಂಗಾಶ್ರೀ ಅವ್ವನನ್ನು ಎಬ್ಬಿಸಿ, ಅತ್ತಿಗೆಯ ಹೆಗಲು ಕೊಡಿಸಿ, ಜಗಲಿಗೆ ಕರೆತಂದು ಕೂರಿಸಿದಳು. ಚೀಲವನ್ನು ತನ್ನ ಕೈಯಲ್ಲಿ ಕೆಳಗೆ ಹಿಡಿದು ರಸ್ತೆ ನೋಡುತ್ತ ನಿಂತಳು.

ಬಿಳಿ ಅಂಬಾಸಿಡರ್ ಬಂದು ನಿಂತಿತು. ಹುಡುಗ, ಅವನ ತಂದೆ, ತಾಯಿ ಇಳಿದರು. ಅವರು ಇಳಿಯುತ್ತಿದ್ದಂತೆಯೇ ಇತ್ತ ಗಂಗಾಶ್ರೀ ಅವ್ವನನ್ನು ಮೆಟ್ಟಿಲಿಳಿಸಿದಳು. ಹುಡುಗನ ತಾಯಿ, ಕಿವಿಯಲ್ಲಿ ಕೆಂಪು ಹರಳಿನ ಓಲೆ ತೊಟ್ಟ ದಪ್ಪನೆಯ ಹೆಂಗಸು, ಕೊಳವೆಯನ್ನು ಕಣ್ಣಲ್ಲೇ ಹಿಂಬಾಲಿಸಿ ಚೀಲದವರೆಗೆ ಬಂದಳು. "ಏನ್ರೀ ಅದು?"

"ಏನಿಲ್ರೀ, ಅವ್ವಗೆ ಸ್ವಲ್ಪ ಪಿತ್ತ ಆಗಿತ್ತು," ಎಂದ ಸಿದ್ಧಲಿಂಗೇಶ್, ಇಲ್ಲದ ನಗೆ ತಂದುಕೊಂಡು.

"ಪಿತ್ತ ಅಲ್ರೀ, ಕೀವು," ಎಂದಳು ಗಂಗಾಶ್ರೀ. "ಪಿತ್ತಕೋಶದಾಗೆ ಕಲ್ಲು ಸಿಕ್ಕಿ ಕೀವಾಗೈತೆ. ಹೃದಯ ಸರಿಯಿಲ್ಲ ಅಂತ ಕೊಯ್ದಿಲ್ಲ, ಪೈಪು ಹಾಕ್ಯಾರೆ. ನಾವು ಚೀಲನ ಮೊಳೆಗೆ ಕಟ್ಟಿ ಪೈಪು ಕೆಡಿಸೀವಿ. ಅಂಟೋ ರೋಗ ಅಲ್ಲ, ವಂಶಕ್ಕೆ ಬರೋ ರೋಗಾನೂ ಅಲ್ಲ. ಸ್ವಲ್ಪ ದಾರಿ ಬಿಡ್ರಿ."

ಹುಡುಗನ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆದರೆ ಇನ್ನೊಂದು ಕೈಯಲ್ಲಿ ಕಾರಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

"ಅತ್ತೆ, ನಾನೂ ಬರ್ಲಾ?" ಎಂದಳು ಸೌಂದರ್ಯ ಜಗಲಿಯಿಂದ.

"ನೀನು ಒಳಗೆ ಹೋಗಿ ಅವರಿಗೆ ಉಪ್ಪಿಟ್ಟು ಕೊಡು. ಈ ಚೀಲ ನೋಡಿ ಓಡಿ ಹೋಗೋ ಹುಡುಗ ಆದ್ರೆ ಈಗಲೇ ಓಡ್ಲಿ, ಬಸ್ ಸ್ಟ್ಯಾಂಡ್ ಹತ್ರಾನೇ ಐತೆ."

ಹುಡುಗ ಓಡಲಿಲ್ಲ. ಎತ್ತ ನೋಡಬೇಕೆಂದು ತಿಳಿಯದೆ ಅಂಬಾಸಿಡರ್‌ನ ಚಕ್ರ ನೋಡುತ್ತ ನಿಂತ.

ದಾವಣಗೆರೆಗೆ ಹೋಗುವ ಹೊನ್ನಾಳಿಯ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಅವ್ವ ಪಕ್ಕೆ ಹಿಡಿದುಕೊಂಡು ನರಳಿದಳು, ನರಳಿಕೆ ನಿಂತಾಗಲೆಲ್ಲ ಬೈದಳು. "ಬೀಗರ ಮುಂದೆ ನನ್ನ ಮಾನ ತೆಗೆದಿ. ಕೀವಂತೆ ಕೀವು. ಸೊರಬದ ಸೀಮೆಗೆ ಕೊಟ್ಟ ಮ್ಯಾಲೆ ಎಲ್ಲಿ ಯಾವ ಮಾತಾಡ್ಬೇಕು ಅನ್ನೋದು ಮರ್ತು ಹೋತು ನಿನಗೆ."

"ನೀನು ಬದುಕು. ಆಮೇಲೆ ಬೇಕಾದಷ್ಟು ಬೈ."

"ಪೂಜೀನೂ ಅರ್ಧಕ್ಕೆ ಬಿಡಿಸಿದಿ."

ಚಳಿ ಸ್ವಲ್ಪ ಬಿಟ್ಟಾಗ ಅವ್ವ ಸೀಟಿಗೆ ಒರಗಿ, ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಡ್ರೈವರ್ ಕನ್ನಡಿಯಲ್ಲಿ ನೋಡಿ ಕಾರಿನ ವೇಗ ತಗ್ಗಿಸಿದ. ಅವ್ವ ಅಂಗೈಯನ್ನು ನೋಡುತ್ತಿದ್ದವಳು ಸ್ವಲ್ಪ ಹೊತ್ತಾದ ಮೇಲೆ ಕೆಳಗೆ ನೋಡಿದಳು. ಚೀಲ ಅವಳ ಕಾಲ ಬಳಿ, ಕಾರಿನ ನೆಲದಲ್ಲಿತ್ತು. ಲಿಂಗ ಎದೆಯ ಮಟ್ಟದಲ್ಲಿತ್ತು. ನಡುವೆ ಅವಳ ಸೊಂಟ, ಮೊಣಕಾಲು, ಸೀರೆಯ ನಿರಿಗೆ.

"ಥೂ," ಎಂದಳು ಅವ್ವ. "ಕುರ್ಚಿ ಮ್ಯಾಲೆ ಕೂತಿದ್ರೆ ಆಗ್ತಿತ್ತಲ್ಲೇ."

"ಆಗ್ತಿತ್ತು."

"ಇಷ್ಟು ಮಂದ್ಯಾಗೆ ಈ ಮಾತು ಹೇಳಾಕೆ ಒಬ್ಬರಿಗೂ ಬಾಯಿರಲಿಲ್ಲ. ನೀನೂ ಸೇರಿ."

"ಮನ್ಯಾಗೆ ಇರೋದು ಒಂದು ಕುರ್ಚಿ. ಅದರ ಮೇಲೆ ಅಯ್ಯನೋರು ಕೂತಿದ್ರು."

"ಅವರೂ ಎದ್ದು ಕೊಡಬಹುದಿತ್ತು," ಎಂದು ಅವ್ವ ಕಣ್ಣು ಮುಚ್ಚಿ ಪೂಜೆ ಮುಂದುವರಿಸಿದಳು.

ದಾವಣಗೆರೆಯಲ್ಲಿ ಸರ್ಜನ್ ಕೊಳವೆಗೆ ಸಿರಿಂಜು ಸಿಕ್ಕಿಸಿ ಉಪ್ಪುನೀರನ್ನು ಮೆಲ್ಲನೆ ಬಿಟ್ಟರು, ಎಳೆದರು, ಮತ್ತೆ ಬಿಟ್ಟರು. ಗಂಗಾಶ್ರೀ ಕೊಳವೆಯನ್ನೇ ನೋಡುತ್ತಿದ್ದಳು. ಮೊದಲು ಬಂದದ್ದು ಒಂದು ಗಟ್ಟಿ ಗಸಿ, ಅದರ ಹಿಂದೆ ಕಡುಹಸಿರು ಪಿತ್ತ. ಅದು ಒಂದೇ ಸಮನೆ ಚೀಲಕ್ಕೆ ಇಳಿಯತೊಡಗಿತು. ಸ್ಕ್ಯಾನಿಂಗ್ ಮಾಡಿ ನೋಡಿದರು. ಕೊಳವೆ ಜಾಗದಲ್ಲೇ ಇತ್ತು. ಅವರು ನಿಟ್ಟುಸಿರು ಬಿಟ್ಟು ಗಂಗಾಶ್ರೀಯ ಮೇಲೆ ರೇಗಿದರು.

"ಅಷ್ಟು ಹೇಳಿದ್ದೆನಲ್ಲಮ್ಮ, ಸೊಂಟಕ್ಕಿಂತ ಕೆಳಗಿಡಿ ಅಂತ! ಇನ್ನೊಂದು ದಿನ ತಡವಾಗಿದ್ದರೆ ನಾನು ಏನು ಮಾಡೋಕೂ ಆಗ್ತಿರಲಿಲ್ಲ. ನಿಮ್ಮಂಥವರಿಗೆ ಹೇಳಿದರೆ ತಲೆಗೆ ಹೋಗಲ್ಲ."

ಬೆಳಿಗ್ಗೆಯಿಂದ ಜಾಗ ಹುಡುಕುತ್ತಿದ್ದ ಸಿಟ್ಟಿಗೆ ಜಾಗ ಸಿಕ್ಕಿತು.

"ನೀವು ಊಟಕ್ಕೆ ಎಲ್ಲಿ ಕೂರ್ತೀರಿ ಡಾಕ್ಟ್ರೇ?"

"ಏನು?"

"ಊಟಕ್ಕೆ. ಮನೆಯಲ್ಲಿ."

"ಟೇಬಲ್ಲಿಗೆ. ಯಾಕೆ?"

"ನಾವು ನೆಲದ ಮೇಲೆ ಕೂರ್ತೀವಿ. ಉಣ್ಣೋದು, ಪೂಜೆ ಮಾಡೋದು, ಮಲಗೋದು ಎಲ್ಲಾ ನೆಲದ ಮೇಲೆ. ನಿಮ್ಮ ಆಸ್ಪತ್ರೆಗೆ ಬರೋರಲ್ಲಿ ಮುಕ್ಕಾಲು ಮಂದಿ ಹಂಗೇ. ನೆಲದ ಮೇಲೆ ಕೂತ ಮುದುಕಿ ಸೊಂಟದಿಂದ ಕೆಳಗೆ ಚೀಲ ಎಲ್ಲಿಡ್ಬೇಕು? ಅದನ್ನ ಹೇಳಿದ್ರಾ ನೀವು? ಮಂಚ ಬೇಕು, ಕುರ್ಚಿ ಬೇಕು, ನೆಲದ ಮೇಲೆ ಕೂರಿಸಬ್ಯಾಡ್ರಿ ಅಂತ ಒಂದು ಮಾತು? ನಾನೂ ನೀವು ಹೇಳಿದ್ದನ್ನೇ ಗಿಣಿಯಂಗೆ ಒಪ್ಪಿಸಿ ಹೋದೆ. ಅತ್ತಿಗೆಗೆ ಬಾಯಿಗೆ ಬಂದಂಗೆ ಬೈದು ಬಂದೀನಿ. ನಮ್ಮಂಥವರ ತಲೆಗೆ ಹೋಗಲ್ಲ ಅಂತೀರಿ. ನಿಮ್ಮ ತಲೆಗೆ ಹೋಗಿತ್ತಾ?"

ನರ್ಸ್ ತಲೆ ತಗ್ಗಿಸಿ ಪಟ್ಟಿ ಸುತ್ತತೊ‌ಡಗಿದಳು. ಸರ್ಜನ್ ಸಿರಿಂಜನ್ನು ತಟ್ಟೆಯಲ್ಲಿಟ್ಟರು. ಅವರ ಮುಖ ಕೆಂಪಾಗಿತ್ತು, ಸಿಟ್ಟಿಗೋ ಬೇರೆ ಯಾವುದಕ್ಕೋ ಹೇಳಲಾಗದು. "ಇಲ್ಲ," ಎಂದರು ಕೊನೆಗೆ. "ಹೋಗಿರಲಿಲ್ಲ." ಮುಂದಿನ ವಾರ್ಡಿಗೆ ನಡೆದರು.

ಜ್ವರ ಇಳಿಯಲು ಎರಡು ದಿನ ಹಿಡಿಯಿತು. ಶಿಕಾರಿಪುರದಿಂದ ಯಾರೂ ಬರಲಿಲ್ಲ. ಗಂಡಿನ ಕಡೆಯವರು ತಿಳಿಸುತ್ತೇವೆ ಎಂದು ಹೇಳಿ ಹೋದರೆಂದೂ, ಸಂಬಂಧ ತಪ್ಪಿದರೆ ಅದು ಗಂಗಾಶ್ರೀಯ ಬಾಯಿಂದಲೇ ಎಂದೂ ಸಿದ್ಧಲಿಂಗೇಶ್ ಆಸ್ಪತ್ರೆಗೆ ಫೋನು ಮಾಡಿ ಹೇಳಿದ. ಅವ್ವ ಹೇಗಿದ್ದಾಳೆ ಎಂದು ಅವನು ಕೇಳುವ ಮೊದಲೇ ಗಂಗಾಶ್ರೀ ಫೋನು ಇಟ್ಟಳು.

ಮೂರನೆಯ ದಿನ ಅವ್ವ ಸ್ನಾನ ಮಾಡಿಸಿಕೊಂಡು, ಮಂಚದಿಂದ ಇಳಿದು ಗೋಡೆ ಹಿಡಿದು ನಿಂತಳು. ವಾರ್ಡಿನಲ್ಲಿ ಇದ್ದದ್ದು ಒಂದೇ ಮರದ ಕುರ್ಚಿ. ಅದರ ಮೇಲೆ ನರ್ಸ್ ಕೂತಿದ್ದಳು.

"ಏಳವ್ವ," ಎಂದಳು ರಾಜೇಶ್ವರಮ್ಮ.

"ಇದು ಸ್ಟಾಫ್ ಕುರ್ಚಿ ಅಜ್ಜಿ. ಪೂಜೆ ತಾನೆ? ಚಾಪೆ ಹಾಸಿಕೊಡ್ತೀನಿ, ಕೆಳಗೆ ಕೂತ್ಕೊಳ್ಳಿ."

"ಕೆಳಗೆ ಕೂತು ನೋಡೀನಿ," ಎಂದಳು ಅವ್ವ. "ನಿಮ್ಮ ದೊಡ್ಡ ಡಾಕ್ಟ್ರನ್ನ ಕೇಳಿಕೊಂಡು ಬಾ, ಹೋಗು. ಅಲ್ಲಿವರೆಗೆ ಕುರ್ಚಿ ಇಲ್ಲೇ ಬಿಟ್ಟು ಹೋಗು."

ನರ್ಸ್ ಎದ್ದಳು. ಅವ್ವ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಚೀಲವನ್ನು ತಾನೇ ಬಗ್ಗಿ ಕುರ್ಚಿಯ ಕಾಲಿಗೆ ಕಟ್ಟಿದಳು. ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಕರಡಿಗೆ ಬಿಚ್ಚಿದಳು.